ಎಪ್ಪತ್ತೈದು ವ್ಯಾಟಿನ ಒಳಗೆ

ಚಂಡೆಯ ಪೆಟ್ಟು ಮೊದಲು ಕೇಳುತ್ತಿತ್ತು, ವೇಷಧಾರಿಯ ಹೆಜ್ಜೆ ಆಮೇಲೆ ಕಾಣುತ್ತಿತ್ತು. ಮಂಡಿ ತಿರುಗುವಾಗಲಂತೂ ಚಿತ್ರ ಅರ್ಧ ಸುತ್ತಿಗೇ ನಿಂತುಬಿಡುತ್ತಿತ್ತು, ಮರುಕ್ಷಣ ನೋಡಿದರೆ ಪಾತ್ರಧಾರಿ ರಂಗದ ಇನ್ನೊಂದು ಮೂಲೆಯಲ್ಲಿ. 2024ರ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ಸೋದರಮಾವನ ಮನೆಗೆ ಹೋದಾಗ ಕಂಡದ್ದು ಇದು. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದ ಮಾವನಿಗೆ ಹಳೆಯ ಯಕ್ಷಗಾನದ ಆಟಗಳ ವಿಡಿಯೊ ನೋಡದೆ ಸಂಜೆ ಕಳೆಯುವುದಿಲ್ಲ. “ಈ ಕಂಪ್ಯೂಟರ್ ಬದಲಾಯಿಸೋದೇ ಒಳ್ಳೇದೇನೋ, ಮಾರಾಯ” ಎಂದರು.

ನಾನು ಕ್ಯಾಬಿನೆಟ್ ಬಿಚ್ಚಿ ನೋಡಿದೆ. 2011ರಲ್ಲಿ ಅಸೆಂಬಲ್ ಮಾಡಿಸಿದ ಯಂತ್ರ. ಇಂಟೆಲ್ ಐ3-2100 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 4 ಜಿಬಿಯ ಒಂದೇ ಒಂದು ರ‍್ಯಾಮ್, ನಡುವೆ ಯಾರೋ ಹಾಕಿಕೊಟ್ಟ ಎಸ್‌ಎಸ್‌ಡಿ. ಆ ಕಾಲದಲ್ಲಿ ನಮ್ಮ ಊರುಗಳಿಗೆ ಬಂದ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಇದೇ ಜಾತಿಯವು. ಕನ್ನಡ ಟೈಪ್ ಮಾಡಲಿಕ್ಕೆ, ಬ್ಯಾಂಕಿನ ಕೆಲಸಕ್ಕೆ, ಪತ್ರಿಕೆ ಓದಲಿಕ್ಕೆ ಇವತ್ತಿಗೂ ಧಾರಾಳವಾಗಿ ಸಾಕು. ವಿಡಿಯೊ ಹಚ್ಚಿದಾಗ ಮಾತ್ರ ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿತ್ತು, ಫ್ಯಾನು ಕೂಗುತ್ತಿತ್ತು. ಇದು ಮುಪ್ಪಿನ ಲಕ್ಷಣ ಅಂತ ನನಗೆ ಅನ್ನಿಸಲಿಲ್ಲ. ಈ ಯಂತ್ರ ಹುಟ್ಟಿದ ಮೇಲೆ ವಿಡಿಯೊಗಳ ಭಾಷೆ ಬದಲಾಗಿತ್ತು, ಆ ಹೊಸ ಭಾಷೆಯನ್ನು ಇದಕ್ಕೆ ಯಾರೂ ಕಲಿಸಿರಲಿಲ್ಲ.

ಭಾಷೆ ಎಂದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳ ಚಿತ್ರ, ಸೆಕೆಂಡಿಗೆ 30 ಸಲ, ಚುಕ್ಕಿಗೆ ಮೂರು ಬೈಟ್. ಗುಣಿಸಿದರೆ ಸೆಕೆಂಡಿಗೆ ಸುಮಾರು 187 ಮೆಗಾಬೈಟ್, ಅಂದರೆ ಹತ್ತಿರಹತ್ತಿರ 1,500 ಮೆಗಾಬಿಟ್. ಹಳ್ಳಿಯ ಇಂಟರ್‌ನೆಟ್‌ನಲ್ಲಿ ಇದು ಬರುವ ಮಾತಲ್ಲ. ನಿಜವಾಗಿ ಬರುವುದು ನಾಲ್ಕೈದು ಮೆಗಾಬಿಟ್ ಮಾತ್ರ. ಉಳಿದದ್ದನ್ನೆಲ್ಲ ಕಳಿಸುವವರು ಹಿಂಡಿ ತೆಗೆದಿರುತ್ತಾರೆ, ನೋಡುವವರ ಯಂತ್ರ ಅದನ್ನು ಮತ್ತೆ ಅರಳಿಸಿಕೊಳ್ಳಬೇಕು.

ಹೀಗೆ ಹಿಂಡುವ ವಿದ್ಯೆಯ ನಡುಗಂಬವೊಂದನ್ನು ನೆಟ್ಟವರು ಬೆಂಗಳೂರಿನಲ್ಲಿ ಹುಟ್ಟಿದವರು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಾಸಿರ್ ಅಹ್ಮದ್, ಜನನ 1940. ಬೆಂಗಳೂರಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಚಿತ್ರದ ಒಂದು ಸಣ್ಣ ಚೌಕವನ್ನು, ಎಂಟಕ್ಕೆ ಎಂಟು ಚುಕ್ಕಿಗಳದ್ದು ಅಂದುಕೊಳ್ಳಿ, ಕೊಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದು. ಹಾಗೆ ಬರೆದಾಗ 64 ಸಂಖ್ಯೆಗಳಲ್ಲಿ ಬೆರಳೆಣಿಕೆಯಷ್ಟೇ ದೊಡ್ಡವಾಗಿರುತ್ತವೆ. ಉಳಿದವನ್ನು ಬಿಟ್ಟರೂ ಕಣ್ಣಿಗೆ ಗೊತ್ತಾಗುವುದಿಲ್ಲ. 1972ರಲ್ಲಿ ಇದರ ಮೇಲೆ ಕೆಲಸ ಮಾಡಲು ಅವರು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವನ್ನು ಹಣ ಕೇಳಿದರು; ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತು ಎಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟಿದ್ದನ್ನು ಅಹ್ಮದ್ ಮುಂದೆ ನೆನಪಿಸಿಕೊಂಡಿದ್ದಾರೆ. ಆದರೂ ಬಿಡದೆ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಮೊಬೈಲಿನ ಫೋಟೊ, ಟಿ.ವಿ.ಯ ಚಿತ್ರ, ಯೂಟ್ಯೂಬಿನ ವಿಡಿಯೊ ಎಲ್ಲದರ ಒಳಗೂ ಆ ಲೆಕ್ಕದ ಮಕ್ಕಳು ಮೊಮ್ಮಕ್ಕಳು ಇದ್ದಾರೆ.

ಮೂಲ ಒಂದೇ ಆದರೂ ಅದರ ಮೇಲೆ ಕಟ್ಟಿದ ಭಾಷೆಗಳು ಬೇರೆಬೇರೆ. 2003ರಲ್ಲಿ ಎಚ್.264 ಬಂತು. ಅದು ಚಿತ್ರವನ್ನು 4 ಅಥವಾ 8 ಚುಕ್ಕಿ ಅಗಲದ ಚೌಕಗಳಲ್ಲಿ ಲೆಕ್ಕ ಹಾಕುತ್ತದೆ. 2013ರಲ್ಲಿ ಎಚ್‌ಇವಿಸಿ ಮತ್ತು ಗೂಗಲ್‌ನ ವಿಪಿ9 ಬಂದವು. ಅವುಗಳ ಚೌಕ 32ರವರೆಗೆ ಹೋಗುತ್ತದೆ. 2018ರ ಎವಿ1ನಲ್ಲಿ ಅದು 64ರವರೆಗೆ. ಪ್ರತಿ ತಲೆಮಾರಿನಲ್ಲೂ ಕಳಿಸುವ ಬಿಟ್‌ಗಳು ಕಡಿಮೆಯಾದವು, ಅರಳಿಸುವ ದುಡಿಮೆ ಹೆಚ್ಚಾಯಿತು. ಮಾವನ ಪ್ರೊಸೆಸರ್‌ನೊಳಗಿನ ಪುಟ್ಟ ಗ್ರಾಫಿಕ್ಸ್ ಭಾಗಕ್ಕೆ ಎಚ್.264 ಗೊತ್ತು, ವಿಪಿ9 ಗೊತ್ತಿಲ್ಲ. ಗೊತ್ತಿಲ್ಲದ್ದು ಬಂದಾಗ ಕೆಲಸವೆಲ್ಲ ಪ್ರೊಸೆಸರ್‌ನ ಎರಡು ಕೋರ್‌ಗಳ ತಲೆಯ ಮೇಲೆ ಬೀಳುತ್ತದೆ.

ಇದರಲ್ಲಿ ಏನು ವ್ಯತ್ಯಾಸ ಎನ್ನುವವರು ಮನೆಯ ಶ್ಯಾವಿಗೆ ಒರಳನ್ನು ನೆನೆಸಿಕೊಳ್ಳಬೇಕು. ಕೈಯಲ್ಲೇ ಎಳೆ ಎಳೆಯಾಗಿ ಹೊಸೆಯಬಲ್ಲ ಅಜ್ಜಿ ಶ್ಯಾವಿಗೆ ಮಾತ್ರವಲ್ಲ, ಬೇಕಾದ್ದೆಲ್ಲ ಮಾಡಬಲ್ಲರು. ಆದರೆ ಹತ್ತು ಜನಕ್ಕೆ ಹೊಸೆಯುವಷ್ಟರಲ್ಲಿ ಸುಸ್ತು. ಒರಳಿಗೆ ಬಿಲ್ಲೆ ಹಾಕಿ ಒತ್ತಿದರೆ ಒಂದೇ ಉಸಿರಿಗೆ ಹತ್ತಾರು ಎಳೆ ಇಳಿಯುತ್ತವೆ. ಪ್ರೊಸೆಸರ್ ಆ ಅಜ್ಜಿಯ ಹಾಗೆ: ಪ್ರತಿ ಹೆಜ್ಜೆಗೂ ಒಂದು ಆದೇಶವನ್ನು ಮೆಮೊರಿಯಿಂದ ತಂದು, ಓದಿ, ಅರ್ಥ ಮಾಡಿಕೊಂಡು, ಆಮೇಲೆ ಕೂಡುವುದು ಗುಣಿಸುವುದು. ಶಕ್ತಿಯ ಬಹುಪಾಲು ಈ ಓಡಾಟಕ್ಕೇ ಹೋಗುತ್ತದೆ. ಗ್ರಾಫಿಕ್ಸ್ ಚಿಪ್‌ನ ಮೂಲೆಯಲ್ಲಿರುವ ವಿಡಿಯೊ ಸರ್ಕ್ಯೂಟ್ ಒರಳಿನ ಹಾಗೆ. ಅದಕ್ಕೆ ಆದೇಶ ಓದುವ ಗೊಡವೆ ಇಲ್ಲ, ಲೆಕ್ಕವನ್ನು ತಂತಿಗಳಲ್ಲೇ ಕೆತ್ತಿಟ್ಟಿರುತ್ತಾರೆ. ಆದರೆ ಯಾವ ಬಿಲ್ಲೆ ಇದೆಯೋ ಅದೇ ಆಕಾರ. ಮನೆಯ ಒರಳಿಗಾದರೆ ಪೇಟೆಯಿಂದ ಇನ್ನೊಂದು ಬಿಲ್ಲೆ ತರಬಹುದು, ಸಿಲಿಕಾನ್‌ನಲ್ಲಿ ಕೆತ್ತಿದ್ದಕ್ಕೆ ಹೊಸ ಬಿಲ್ಲೆ ಸೇರಿಸಲು ಬರುವುದಿಲ್ಲ. ಹಳೆಯ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹುಡುಕುವಾಗ ನಾನು ಮೊದಲು ಕೇಳುವುದು ಇದನ್ನೇ: ಒಳಗೆ ಯಾವ ಯಾವ ಬಿಲ್ಲೆ ಇವೆ?

ಕಾರ್ಡಿಗೆ ಮುಂಚೆ, ಖರ್ಚಿಲ್ಲದ ದಾರಿಗಳನ್ನು ನೋಡಲೇಬೇಕು. ಬ್ರೌಸರ್‌ಗೆ ಎಚ್264ಇಫೈ ಎಂಬ ಪುಟ್ಟ ಎಕ್ಸ್‌ಟೆನ್ಶನ್ ಹಾಕಿದರೆ ಯೂಟ್ಯೂಬ್ ಹಳೆಯ ಎಚ್.264 ಭಾಷೆಯಲ್ಲೇ ವಿಡಿಯೊ ಕೊಡುತ್ತದೆ. 1080 ಪಿಗಿಂತ ಮೇಲಿನದು ಸಿಗುವುದಿಲ್ಲ, ಅಷ್ಟೆ. ಇನ್ನೊಂದು 4 ಜಿಬಿ ರ‍್ಯಾಮ್ ಜೋಡಿಯಾಗಿ ಹಾಕಿದರೆ ಮೆಮೊರಿಗೆ ಹೋಗುವ ದಾರಿ ಇಮ್ಮಡಿ ಅಗಲವಾಗುತ್ತದೆ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಅದೇ ಮೆಮೊರಿಯನ್ನು ಹಂಚಿಕೊಳ್ಳುವುದರಿಂದ ಅದಕ್ಕೂ ಲಾಭ. ಎರಡನ್ನೂ ಮಾಡಿದೆ, ಆಟದ ಹೆಜ್ಜೆ ಚಂಡೆಗೆ ಕೂಡಿತು. ಎಷ್ಟೋ ಮನೆಗಳಲ್ಲಿ ವಿಷಯ ಇಲ್ಲಿಗೇ ಮುಗಿಯುತ್ತದೆ, ಮುಗಿಯಬೇಕು.

ಮಾವನ ಮನೆಯಲ್ಲಿ ಮುಗಿಯಲಿಲ್ಲ. ಕಣ್ಣಿಗೆ ಅನುಕೂಲವಾಗಲಿ ಎಂದು ಮಗಳು 27 ಇಂಚಿನ ಮಾನಿಟರ್ ತಂದಿಟ್ಟಿದ್ದಳು. 2560ಕ್ಕೆ 1440 ಚುಕ್ಕಿ, ವಿಜಿಎ ಪೋರ್ಟ್ ಇಲ್ಲವೇ ಇಲ್ಲ. ಮದರ್‌ಬೋರ್ಡಿನ ಹಿಂದೆ ಇರುವುದು 1987ರಲ್ಲಿ ಐಬಿಎಂ ತಂದ ಆ ನೀಲಿ ವಿಜಿಎ ಒಂದೇ. ಜೊತೆಗೆ ಮೊಮ್ಮಗನ ವಿಡಿಯೊಗಳು ವಾರವಾರ ಬರುತ್ತಿದ್ದವು, ಹೊಸ ಫೋನಿನವು, ಎಚ್‌ಇವಿಸಿಯಲ್ಲಿ. ಅವುಗಳಿಗೆ ಎಕ್ಸ್‌ಟೆನ್ಶನ್ ಮದ್ದಲ್ಲ.

ಹೀಗೆ ಕಾರ್ಡ್ ಬೇಕಾಯಿತು. ಮೊದಲ ಪ್ರಯತ್ನದಲ್ಲಿ ನಾನು ತಪ್ಪಿದೆ. ಗೆಳೆಯನೊಬ್ಬ ಕಪಾಟಿನಲ್ಲಿ ಬಿದ್ದಿದ್ದ ಹಳೆಯ ಗೇಮಿಂಗ್ ಕಾರ್ಡ್ ಕೊಟ್ಟ. ಅದರ ಮೈಮೇಲೆ ಆರು ಪಿನ್ನಿನ ಹೆಚ್ಚುವರಿ ಪವರ್ ಸಾಕೆಟ್ ಇತ್ತು, ಮಾವನ ಕಂಪ್ಯೂಟರಿಗೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್‌ನಲ್ಲಿ ಅಂಥ ವೈರೇ ಇರಲಿಲ್ಲ. ಹಾರ್ಡ್‌ಡಿಸ್ಕಿನ ವೈರಿಗೆ ಅಡಾಪ್ಟರ್ ಹಾಕಿ ಜೋಡಿಸಿದೆ. ವಿಂಡೋಸ್ ಬಂತು, ವಿಡಿಯೊ ಹಚ್ಚಿದೆ, ಟಪ್ ಎಂದು ಎಲ್ಲ ಆರಿತು. ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಂಡು ನಿಂತಿತ್ತು. ಪುಣ್ಯಕ್ಕೆ ಬೋರ್ಡಿಗೆ ಏನೂ ಆಗಲಿಲ್ಲ. ಆ ಅಡಾಪ್ಟರ್ ಎಂದೂ ಹಾಕಬಾರದಿತ್ತು.

ಎಸ್‌ಎಂಪಿಎಸ್ ಪಕ್ಕದ ಚೀಟಿಯಲ್ಲಿ 450 ವ್ಯಾಟ್ ಎಂದು ದಪ್ಪ ಅಕ್ಷರದಲ್ಲಿತ್ತು. ಅದನ್ನು ನಂಬಿ ಕೂರುವುದಲ್ಲ. ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ತಿನ್ನುವುದು 12 ವೋಲ್ಟಿನ ಸಾಲಿನಿಂದ. ಅದರ ಎದುರು ಎಷ್ಟು ಆಂಪ್ ಬರೆದಿದೆ ಎಂದು ನೋಡಬೇಕು. ಇಲ್ಲಿ 14 ಆಂಪ್ ಇತ್ತು. 12ನ್ನು 14ರಿಂದ ಗುಣಿಸಿ: 168 ವ್ಯಾಟ್. ಅದೂ ಹೊಸದಾಗಿದ್ದಾಗ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ದ್ರವ ವರ್ಷಗಟ್ಟಲೆ ಬಿಸಿಗೆ ಒಣಗುತ್ತ ಬರುತ್ತದೆ, ಹೊರೆ ಒಮ್ಮೆಲೇ ಏರಿದಾಗ ವೋಲ್ಟೇಜನ್ನು ಹಿಡಿದಿಡುವ ತ್ರಾಣ ಕುಗ್ಗುತ್ತದೆ. ಹದಿಮೂರು ವರ್ಷದ ಎಸ್‌ಎಂಪಿಎಸ್‌ನಿಂದ ಅದರ ಚೀಟಿಯ ಮಾತನ್ನು ಪೂರ್ತಿ ವಸೂಲಿ ಮಾಡಲು ಹೋಗಬಾರದು.

ಇಲ್ಲಿ ನಮಗೆ ಗೆರೆ ಎಳೆದುಕೊಡುವುದು ಮದರ್‌ಬೋರ್ಡಿನ ಉದ್ದನೆಯ ಸ್ಲಾಟ್, ಪಿಸಿಐ ಎಕ್ಸ್‌ಪ್ರೆಸ್. ಕಾರ್ಡಿನ ಅಂಚಿನ ಚಿನ್ನದ ಲೇಪದ ಸಣ್ಣ ಪಟ್ಟಿಗಳ ಮೂಲಕ 12 ವೋಲ್ಟಿನಲ್ಲಿ 5.5 ಆಂಪ್, 3.3 ವೋಲ್ಟಿನಲ್ಲಿ 3 ಆಂಪ್ ಹರಿಯಬಹುದು ಎಂಬುದು ನಿಯಮ. ಒಟ್ಟು ಸುಮಾರು 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಿದ್ದರೆ ಬೇರೆ ವೈರು: ಆರು ಪಿನ್ನಿನದು ಇನ್ನು 75, ಎಂಟು ಪಿನ್ನಿನದು 150. ಆದ್ದರಿಂದ ಪಿನ್ ಸಾಕೆಟ್ ಇಲ್ಲದ ಕಾರ್ಡ್ ಎಂದರೆ 75ರ ಒಳಗಿನದು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಮಾವನ ಎಸ್‌ಎಂಪಿಎಸ್‌ಗೆ ಆ 75 ಕೂಡ ಹೆಚ್ಚು ಅನ್ನಿಸಿ ನಾನು 30ರ ಆಸುಪಾಸಿನಲ್ಲಿ ಹುಡುಕಿದೆ. ಆ ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಇಡೀ ಹೊರೆ 600 ವಿಎ ಯುಪಿಎಸ್ ಮೇಲೆ ಬೀಳುತ್ತದೆ ಎಂಬುದೂ ಮನಸ್ಸಿನಲ್ಲಿತ್ತು.

ಮೂವತ್ತು ವ್ಯಾಟಿನಲ್ಲಿ ಏನು ತಾನೆ ಆದೀತು ಎಂಬ ಸಂದೇಹ ಸಹಜ. ಆದರೆ ಚಿಪ್‌ಗಳ ಶಕ್ತಿ ಲೆಕ್ಕ ನಮ್ಮ ಊಹೆಯಂತೆ ಇಲ್ಲ. ಚಿಪ್‌ನ ಒಳಗೆ ಪ್ರತಿ ಲೆಕ್ಕವೂ ಒಂದು ಸಣ್ಣ ಪಾತ್ರೆಗೆ ಚಾರ್ಜ್ ತುಂಬಿ ಚೆಲ್ಲುವ ಕೆಲಸ. ವೋಲ್ಟೇಜ್ ಏರಿಸಿದರೆ ತುಂಬುವ ಚಾರ್ಜೂ ಹೆಚ್ಚುತ್ತದೆ, ಅದನ್ನು ಎತ್ತಬೇಕಾದ ಎತ್ತರವೂ ಹೆಚ್ಚುತ್ತದೆ; ಕೊಡವೂ ದೊಡ್ಡದಾಗಿ ಬಾವಿಯೂ ಆಳವಾದ ಹಾಗೆ. ಆದ್ದರಿಂದ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದಕ್ಕೆ ವೇಗದ ಗುಣಾಕಾರ ಬೇರೆ. ತಿರುಗಿಸಿ ನೋಡಿ: ವೋಲ್ಟೇಜ್ ಐದನೇ ಒಂದು ಭಾಗ ತಗ್ಗಿಸಿ, ವೇಗವನ್ನೂ ಅಷ್ಟೇ ತಗ್ಗಿಸಿದರೆ 0.8ರ ಘನ, ಅಂದರೆ 0.512. ವೇಗದಲ್ಲಿ ಶೇಕಡಾ 20 ಬಿಟ್ಟುಕೊಟ್ಟರೆ ವಿದ್ಯುತ್ತಿನಲ್ಲಿ ಅರ್ಧ ಉಳಿತಾಯ. ಕಡಿಮೆ ವ್ಯಾಟಿನ ಕಾರ್ಡ್‌ಗಳು ಬದುಕುವುದು ಈ ಘನದ ಕೃಪೆಯಲ್ಲಿ.

ಟ್ರಾನ್ಸಿಸ್ಟರ್ ಚಿಕ್ಕದಾದಂತೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತ ಹೋದರೆ ಚಿಪ್ ಬಿಸಿಯಾಗದೆಯೇ ವೇಗ ಪಡೆಯುತ್ತದೆ ಎಂದು ತೋರಿಸಿಕೊಟ್ಟವರು ಐಬಿಎಂನ ರಾಬರ್ಟ್ ಡೆನಾರ್ಡ್. ಆ ಪ್ರಬಂಧದ ವರ್ಷವೂ 1974, ಅಹ್ಮದ್ ಅವರ ಪ್ರಬಂಧ ಬಂದ ವರ್ಷವೇ. ನಮ್ಮೆಲ್ಲರ ರ‍್ಯಾಮ್‌ನಲ್ಲಿರುವ ಒಂದೇ ಟ್ರಾನ್ಸಿಸ್ಟರಿನ ಮೆಮೊರಿ ಕೋಶವೂ ಡೆನಾರ್ಡ್ ಅವರದೇ, 1968ರ ಪೇಟೆಂಟ್. ಅವರು ತೀರಿಕೊಂಡದ್ದು 2024ರ ಏಪ್ರಿಲ್‌ನಲ್ಲಿ, ನಾನು ಮಾವನ ಕಂಪ್ಯೂಟರ್ ಬಿಚ್ಚುವುದಕ್ಕೆ ಕೆಲವು ತಿಂಗಳ ಮುಂಚೆ. 2005ರ ಸುಮಾರಿಗೆ ವೋಲ್ಟೇಜ್ ಇನ್ನಷ್ಟು ಇಳಿಸಿದರೆ ಕರೆಂಟ್ ಸೋರತೊಡಗಿ ಆ ಸೂತ್ರ ಅಲ್ಲಿಗೆ ನಿಂತಿತು. ಆಮೇಲೆ ವಿನ್ಯಾಸಗಾರರು ಓಡಾಟ ಕಡಿಮೆ ಮಾಡುವ ಕಡೆ ಗಮನ ಹರಿಸಿದರು. ಎರಡು ಸಂಖ್ಯೆ ಕೂಡುವುದಕ್ಕಿಂತ ಆ ಸಂಖ್ಯೆಗಳನ್ನು ಚಿಪ್‌ನ ಹೊರಗಿನ ಮೆಮೊರಿಯಿಂದ ಹೊತ್ತು ತರುವುದಕ್ಕೆ ನೂರಾರು ಪಟ್ಟು ಶಕ್ತಿ ಬೇಕು. ಹಿಡಿ ಜೀರಿಗೆಗೆ ಪ್ರತಿ ಸಲ ಪೇಟೆಗೆ ಹೋಗುವುದರ ಬದಲು ಒಲೆಯ ಪಕ್ಕ ಡಬ್ಬಿ ಇಟ್ಟುಕೊಳ್ಳುವುದು ಮೇಲು. ಎನ್‌ವಿಡಿಯಾ 2014ರಲ್ಲಿ ಜಿಟಿಎಕ್ಸ್ 750 ಟಿಐ ತಂದಾಗ ಮಾಡಿದ ಕೆಲಸಗಳಲ್ಲಿ ಇದೂ ಒಂದು: ಚಿಪ್‌ನೊಳಗಿನ ಕ್ಯಾಶ್ ಹಿಂದಿನ ಪೀಳಿಗೆಯಲ್ಲಿ 256 ಕಿಲೊಬೈಟ್ ಇದ್ದದ್ದು 2 ಮೆಗಾಬೈಟ್ ಆಯಿತು. ಅದೇ 28 ನ್ಯಾನೊಮೀಟರ್ ತಯಾರಿಕೆಯಲ್ಲೇ, 110 ವ್ಯಾಟಿನ ಹಿಂದಿನ 650 ಟಿಐಗಿಂತ ಚುರುಕಾದ ಕಾರ್ಡ್ 60 ವ್ಯಾಟಿಗೆ ಬಂತು, ಪಿನ್ ವೈರಿಲ್ಲದೆ. ಕಡಿಮೆ ವಿದ್ಯುತ್ತಿನ ಕಾರ್ಡ್‌ಗಳ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಘಟನೆ ಇದು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಾರ್ಡ್ ಕೇಳಿದರೆ ಮರುಪ್ರಶ್ನೆ ಒಂದೇ: “ಎಷ್ಟು ಜಿಬಿ ಬೇಕು?” ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರುವುದೂ ಅದೇ. ಮಾವನ ಹೊಸ ಮಾನಿಟರಿನ ಒಂದು ಪೂರ್ತಿ ಚಿತ್ರಕ್ಕೆ, ಚುಕ್ಕಿಗೆ ನಾಲ್ಕು ಬೈಟ್‌ನಂತೆ, 15 ಮೆಗಾಬೈಟ್ ಕೂಡ ಬೇಡ. 2 ಜಿಬಿಯಲ್ಲಿ ಅಂಥ ನೂರಕ್ಕೂ ಹೆಚ್ಚು ಚಿತ್ರ ಹಿಡಿಯುತ್ತವೆ. ಈ ದರ್ಜೆಯ ಕಾರ್ಡಿನಲ್ಲಿ 4 ಜಿಬಿ ಎಂಬುದು ಸಣ್ಣ ಬಾಗಿಲಿನ ದೊಡ್ಡ ಕಣಜ, ಅಳೆಯಬೇಕಾದ್ದು ಬಾಗಿಲನ್ನು. ಜಿಟಿ 1030 ಎಂಬ ಕಾರ್ಡನ್ನೇ ತೆಗೆದುಕೊಳ್ಳಿ. 2017ರಲ್ಲಿ ಬಂದಾಗ ಅದರಲ್ಲಿ ಜಿಡಿಡಿಆರ್5 ಮೆಮೊರಿ, ಸೆಕೆಂಡಿಗೆ 48 ಗಿಗಾಬೈಟ್ ಸಾಗಿಸುವ ದಾರಿ. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಹಾಕಿದ ಇನ್ನೊಂದು ಬಂತು: 16.8 ಗಿಗಾಬೈಟ್. ಎರಡೂ 2 ಜಿಬಿ, ಎರಡರ ಬಸ್ಸೂ 64 ಬಿಟ್, ಆದರೆ ಹಲವು ಕಂಪ್ಯೂಟರ್ ಗೇಮುಗಳಲ್ಲಿ ಎರಡನೆಯದು ಮೊದಲನೆಯದರ ಅರ್ಧಕ್ಕೂ ಬರುವುದಿಲ್ಲ. 2014ರ ಜಿಟಿ 730 ಕಥೆಯೂ ಹೀಗೇ. ಒಂದೇ ಹೆಸರಿನ ಕೆಳಗೆ 96 ಕೋರ್‌ಗಳ 49 ವ್ಯಾಟಿನ ಹಳೆಯ ಚಿಪ್ಪೂ ಇತ್ತು, 384 ಕೋರ್‌ಗಳ 23 ವ್ಯಾಟಿನ ಹೊಸ ಚಿಪ್ಪೂ ಇತ್ತು. ಹೆಸರು ನೋಡಿ ಕೊಂಡರೆ ಯಾವುದು ಕೈಗೆ ಬರುತ್ತದೆ ಎಂದು ಹೇಳಲಾಗದು. ಡಬ್ಬದ ಹಿಂಬದಿಯ ಸಣ್ಣ ಅಕ್ಷರ ಓದಲೇಬೇಕು. ಕೊಳ್ಳುವವರಿಗೆ ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಹಳೆಯ ಚಿಪ್‌ಗೆ ಹೊಸ ಹೆಸರು ಬರೆದು ಮಾರುವ ಶುದ್ಧ ನಕಲಿಗಳೂ ಇವೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ 2018ರಿಂದ ಅಂಥವನ್ನು ಗುರುತಿಸುತ್ತದೆ, ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಅದನ್ನು ಓಡಿಸಿ ನೋಡಲಿ.

ಎಲ್ಲಕ್ಕಿಂತ ಅಗ್ಗದ್ದು ಜಿಟಿ 710. ಬರೀ 19 ವ್ಯಾಟ್, ಫ್ಯಾನಿಲ್ಲದ ಮಾದರಿಗಳಿವೆ, ಕೆಲವಕ್ಕೆ ವಿಜಿಎ ಪೋರ್ಟೂ ಇದೆ. ಮಾನಿಟರಿಗೆ ಚಿತ್ರ ಮೂಡಿದರೆ ಸಾಕು ಎನ್ನುವವರಿಗೆ ಸರಿ. ಆದರೆ ಅದರೊಳಗೆ ವಿಪಿ9ನ ಬಿಲ್ಲೆಯೂ ಇಲ್ಲ, ಎಚ್‌ಇವಿಸಿಯದೂ ಇಲ್ಲ. ಅದರ ಪೀಳಿಗೆಗೆ ಹೊಸ ಸೌಲಭ್ಯಗಳ ಡ್ರೈವರ್ 2021ರಲ್ಲೇ ನಿಂತಿತು. ಮಾವನ ತೊಂದರೆ ಇದ್ದಲ್ಲೇ ಉಳಿಯುತ್ತಿತ್ತು. ಮೆಮೊರಿಯ ದಾರಿಯೂ ಕಿರಿದು: ಡಿಡಿಆರ್3 ಇರುವ ಜಿಟಿ 710ರ ದಾರಿ ಸೆಕೆಂಡಿಗೆ 14.4 ಗಿಗಾಬೈಟ್, ಜೋಡಿ ರ‍್ಯಾಮ್ ಹಾಕಿದ ಮಾವನ ಬೋರ್ಡಿನದು 21 ಗಿಗಾಬೈಟ್. ಎಎಂಡಿಯ ಆರ್‌ಎಕ್ಸ್ 550, 50 ವ್ಯಾಟ್, ಲಿನಕ್ಸ್ ಬಳಸುವವರಿಗೆ ಹಿತ. ಅದರ ಡ್ರೈವರ್ ಕರ್ನಲ್‌ನಲ್ಲೇ ಇರುವುದರಿಂದ ಹಾಕಿದ ಕೂಡಲೇ ನಡೆಯುತ್ತದೆ. ಎಚ್‌ಇವಿಸಿ ಬರುತ್ತದೆ, ವಿಪಿ9ಗೆ ಪೂರ್ಣ ಸರ್ಕ್ಯೂಟ್ ಇಲ್ಲ. 2022ರ ಆರ್‌ಎಕ್ಸ್ 6400 ಇವಕ್ಕಿಂತ ಹೊಸದು, 53 ವ್ಯಾಟ್, ಆದರೆ ಅದು ಸ್ಲಾಟಿನ ಹದಿನಾರು ಲೇನ್‌ಗಳಲ್ಲಿ ನಾಲ್ಕನ್ನು ಮಾತ್ರ ಬಳಸುತ್ತದೆ. ನಾಲ್ಕನೇ ಪೀಳಿಗೆಯ ಸ್ಲಾಟಿನಲ್ಲಿ ಆ ನಾಲ್ಕೇ ಲೇನ್ ಸೆಕೆಂಡಿಗೆ 8 ಗಿಗಾಬೈಟ್ ಒಯ್ಯುತ್ತವೆ, ಮಾವನ ಎರಡನೇ ಪೀಳಿಗೆಯ ಸ್ಲಾಟಿನಲ್ಲಿ ಎರಡೇ. ಇಂಟೆಲ್‌ನ ಆರ್ಕ್ ಕಾರ್ಡ್‌ಗಳಲ್ಲಿ ಎವಿ1ನ ಬಿಲ್ಲೆಯೂ ಇದೆ, ಮನಸ್ಸು ಎಳೆಯುತ್ತದೆ. ಆದರೆ ಇಂಟೆಲ್ ಅದಕ್ಕೆ ಹತ್ತನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬೇಕು ಎನ್ನುತ್ತದೆ. ಮಾವನ ಪ್ರೊಸೆಸರ್ ಎರಡನೇ ಪೀಳಿಗೆಯದು.

ಹೀಗೆ ಸೋಸಿದಾಗ ಉಳಿದದ್ದು ಜಿಡಿಡಿಆರ್5ನ ಜಿಟಿ 1030. 30 ವ್ಯಾಟ್, ಎಚ್‌ಇವಿಸಿ ಇದೆ, ವಿಪಿ9 ಇದೆ. ಅದೂ ನಾಲ್ಕೇ ಲೇನಿನದು, ಆದರೆ ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ. ಸ್ಲಾಟ್ ದಾಟಿ ಹೋಗುವುದು ಹಿಂಡಿದ ನಾಲ್ಕೈದು ಮೆಗಾಬಿಟ್ ಅಷ್ಟೆ. ಅರಳುವುದು ಕಾರ್ಡಿನ ಒಳಗೆ, ಅಲ್ಲಿಂದ ನೇರ ಮಾನಿಟರಿಗೆ. ಬರೀ ವಿಡಿಯೊ ನೋಡುವುದಕ್ಕೆ ಡಿಡಿಆರ್4ನದೂ ಆಗುತ್ತಿತ್ತು, ಬೆಲೆಯಲ್ಲಿ ಹೆಚ್ಚು ಅಂತರ ಇಲ್ಲದ್ದರಿಂದ ಒಳ್ಳೆಯದನ್ನೇ ತಂದೆ. ಈ ಕಾರ್ಡಿನಲ್ಲಿ ವಿಜಿಎ ಇಲ್ಲ. ಹಳೆಯ ಮಾನಿಟರನ್ನೇ ಉಳಿಸಿಕೊಳ್ಳುವವರು ಬರೀ ಪಿನ್ ಬದಲಿಸುವ ಅಡಾಪ್ಟರ್ ತಂದರೆ ಚಿತ್ರ ಬರುವುದಿಲ್ಲ, ಡಿಜಿಟಲನ್ನು ಅನಲಾಗ್ ಮಾಡುವ ಚಿಪ್ ಇರುವ ಕನ್ವರ್ಟರ್ ಬೇಕು. ಕಚೇರಿಗಳಿಂದ ಹರಾಜಿಗೆ ಬರುವ ತೆಳು ಡಬ್ಬಗಳಿಗಾದರೆ ಕುಳ್ಳು ಬ್ರಾಕೆಟ್ಟಿನ ಲೋ ಪ್ರೊಫೈಲ್ ಕಾರ್ಡ್ ಕೇಳಬೇಕು.

ಹಾಕುವುದು ಹತ್ತು ನಿಮಿಷದ ಕೆಲಸ. ವೈರು ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಚಾರ್ಜ್ ಹೋಗಲಿ ಎಂದು ಬಿಟ್ಟೆ. ಕ್ಯಾಬಿನೆಟ್ಟಿನ ಲೋಹ ಮುಟ್ಟಿಕೊಂಡು ಕಾರ್ಡನ್ನು ಸ್ಲಾಟಿಗೆ ನೆಟ್ಟಗೆ ಒತ್ತಿದೆ; ಕೊಂಡಿ ಟಕ್ ಎಂದಿತು. ಡ್ರೈವರ್ ಹಾಕಿ, ಟಾಸ್ಕ್ ಮ್ಯಾನೇಜರ್ ತೆರೆದು, ಎಕ್ಸ್‌ಟೆನ್ಶನ್ ತೆಗೆದು ಅದೇ ಆಟ ಹಚ್ಚಿದೆ. ವಿಡಿಯೊ ಡಿಕೋಡ್ ಎಂಬ ಗೆರೆ ಎದ್ದಿತು, ನೂರು ಮುಟ್ಟುತ್ತಿದ್ದ ಪ್ರೊಸೆಸರ್ ಇಪ್ಪತ್ತರ ಆಸುಪಾಸಿಗೆ ಇಳಿಯಿತು. ಮಾವ ಗ್ರಾಫಿನ ಕಡೆ ನೋಡಲೇ ಇಲ್ಲ. ಭಾಗವತರ ಪದ ಏರಿತ್ತು.

ಮರುದಿನ ಬೆಳಿಗ್ಗೆ ಮಾತ್ರ ಒಂದೊಂದಾಗಿ ಕೇಳಿ ತಿಳಿದುಕೊಂಡರು, ಮೇಷ್ಟ್ರಲ್ಲವೆ. ಯೂಟ್ಯೂಬ್ ಎವಿ1 ಕಳಿಸಿದರೆ ಈ ಕಾರ್ಡಿಗೂ ಅರ್ಥವಾಗುವುದಿಲ್ಲ ಎಂದು ಹೇಳಿ, ದೊಡ್ಡ ವಿಡಿಯೊಗಳಿಗೆ ಅದನ್ನು ಬಳಸದಂತೆ ಖಾತೆಯ ಸೆಟ್ಟಿಂಗಿನಲ್ಲೇ ಬದಲಿಸಿ ತೋರಿಸಿದೆ. ಅವರು ರೂಲ್ಡ್ ಹಾಳೆಯೊಂದರಲ್ಲಿ ದುಂಡು ಅಕ್ಷರದಲ್ಲಿ ಎಲ್ಲವನ್ನೂ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿದರು: ಎಸ್‌ಎಂಪಿಎಸ್ 12 ವೋಲ್ಟ್, 14 ಆಂಪ್. ಸ್ಲಾಟ್, ಎರಡನೇ ಪೀಳಿಗೆ. ಕಾರ್ಡ್, 30 ವ್ಯಾಟ್. ಎಚ್.264, ಇದೆ. ಎಚ್‌ಇವಿಸಿ, ಇದೆ. ವಿಪಿ9, ಇದೆ. ಎವಿ1, ಇಲ್ಲ.